ಯಾಣದ ದಾರಿಗೂ ಬಸ್ಸಿನ ವ್ಯವಸ್ಥೆ ಬರಲಿ

ಮಾನ್ಯ ಸಂಪಾದಕರೇ,

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನವನ್ನು ನೋಡಿ ಬಂದೆ. ಒಣನೆಲದ ನಡುವೆ ವರ್ಜಿನ್ ಎಂಬ ನದಿ ಕೆಂಪು ಮರಳುಗಲ್ಲನ್ನು ಕೊರೆದು ಮಾಡಿದ ಕಣಿವೆ ಅದು. ನಮ್ಮ ಅಘನಾಶಿನಿಯ ಮುಂದೆ ಆ ನದಿ ಬರೀ ಹಳ್ಳ. ಪ್ರವಾಸಿಗರು ಹೆಚ್ಚಿರುವ ತಿಂಗಳುಗಳಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡದೆ, ಎಲ್ಲರನ್ನೂ ಉಚಿತ ಬಸ್ಸಿನಲ್ಲೇ ಕರೆದೊಯ್ಯುವ ಪದ್ಧತಿ ಅಲ್ಲಿ 2000ನೇ ಇಸವಿಯಿಂದ ಇದೆ. ಸರಪಳಿ ಹಿಡಿದು ಏರಬೇಕಾದ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ದಿಬ್ಬಕ್ಕೆ 2022ರಿಂದ ಲಾಟರಿ ಎತ್ತಿ ಪರವಾನಗಿ ಕೊಡುತ್ತಾರೆ. ಮಂಡಿ ಸಹಕರಿಸದ ನಾನು ಕೆಳಗೇ ಉಳಿದೆ. ನದಿಯೊಳಗೇ ನಡೆಯುವ ನ್ಯಾರೋಸ್ ಹಾದಿಯನ್ನು, ದಿಢೀರ್ ಪ್ರವಾಹದ ಎಚ್ಚರಿಕೆ ಬಂದರೆ, ಮುಚ್ಚಿಬಿಡುತ್ತಾರೆ. ಬಿಸಿಲಿಗೆ ಗಂಟಲು ಒಣಗಿದರೆ ಬಾಟಲಿ ತುಂಬಿಸಿಕೊಳ್ಳಲು ನಲ್ಲಿಗಳಿವೆ.

ಮರಳಿದ ಮೇಲೆ ಒಂದು ಭಾನುವಾರ ಶಿರಸಿಯಿಂದ ಯಾಣಕ್ಕೆ ಹೋದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ರಸ್ತೆಯ ಎರಡೂ ಬದಿಗೆ ನಿಂತ ಕಾರುಗಳ ಸಾಲು, ಮೆಟ್ಟಿಲ ಪಕ್ಕದ ಎಲೆಗಳ ನಡುವೆ ಚಪ್ಪಟೆಯಾಗಿ ಬಿದ್ದಿದ್ದ ನೀರಿನ ಬಾಟಲಿಗಳು. ರಜಾದಿನಗಳಲ್ಲಾದರೂ ಶಿರಸಿ ಮತ್ತು ಕುಮಟಾಗಳಿಂದ ಮಿನಿ ಬಸ್ಸುಗಳನ್ನು ಓಡಿಸಿ, ಹಾದಿಯ ಆರಂಭದಲ್ಲೊಂದು ಕುಡಿಯುವ ನೀರಿನ ನಲ್ಲಿಯನ್ನೂ ಮಳೆಗಾಲಕ್ಕೆ ಹಳ್ಳದ ನೀರಿನ ಎಚ್ಚರಿಕೆಯ ಫಲಕವನ್ನೂ ಹಾಕಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ, ಶಿರಸಿ