ಮುಚ್ಚಳವೇ ಆನೆಯಾಗಿದ್ದ ಭಾನುವಾರಗಳು

ಕಳೆದ ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಹಿಂದಿನ ಕಾಲದ ದೊಡ್ಡ ಚದುರಂಗ ಆಟಗಾರ ಅಕಿಬಾ ರೂಬಿನ್‌ಸ್ಟೈನ್ ಅವರ ಆಟಗಳಲ್ಲಿ ನಾವು ಆರಿಸಿಕೊಂಡ 52ನೆಯದನ್ನು ಹಲಗೆಯ ಮೇಲೆ ಮರುನಡೆಸಿ ಮುಗಿಸಿದೆವು. ಒಂದು ವರ್ಷದ ಹಿಂದೆ, ಹೃದಯದ ಶಸ್ತ್ರಚಿಕಿತ್ಸೆಯಾಗಿ ಮನೆ ಬಿಟ್ಟು ಹೊರಡಬಾರದೆಂಬ ಕಟ್ಟಪ್ಪಣೆಯಲ್ಲಿ ನಾನಿದ್ದಾಗ, ಬೇಸರ ಕಳೆಯಲೆಂದು ಮೂವರು ಗೆಳೆಯರೊಡನೆ ತೊಡಗಿದ್ದು ಈ ಅಭ್ಯಾಸ. ವರ್ಷ ತುಂಬುವ ಹೊತ್ತಿಗೆ ಹನ್ನೊಂದು ಮಂದಿಯಾಗಿದ್ದೇವೆ. ಇದಕ್ಕೆ ಕಾರಣರಾದವರನ್ನು ನೆನೆಯಲು ಈ ಬರಹ.

ಮೊದಲ ಋಣ ರೂಬಿನ್‌ಸ್ಟೈನ್ ಅವರಿಗೇ ಸಲ್ಲಬೇಕು. ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಪೋಲೆಂಡಿನ ಸ್ತಾವಿಸ್ಕಿ ಎಂಬ ಪುಟ್ಟ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ಧರ್ಮಗುರುವಾಗಬೇಕಾಗಿದ್ದ ಅವರು ಹದಿಹರೆಯದಲ್ಲಿ ಚದುರಂಗ ಕಲಿತು, ವುಜ್ (Łódź) ನಗರಕ್ಕೆ ಹೋಗಿ, ಅಲ್ಲಿನ ಬಲಿಷ್ಠ ಆಟಗಾರ ಸಾಲ್ವೆ ಅವರೊಡನೆ ಆಡಿ ಪಳಗಿದರು. ಅದೇ ನಗರದಲ್ಲಿ 1907ರಲ್ಲಿ ರೊಟ್ಲೇವಿ ವಿರುದ್ಧ ಕಪ್ಪುಕಾಯಿಗಳಲ್ಲಿ ಮಂತ್ರಿಯನ್ನೇ ಬಲಿಗೊಟ್ಟು ಗೆದ್ದ ಆಟವನ್ನು ಚದುರಂಗ ಬಲ್ಲವರೆಲ್ಲರೂ ಬಲ್ಲರು. ನಮ್ಮ ಮೊದಲ ಭಾನುವಾರದ ಆಟವೂ ಅದೇ. ನನ್ನ ಹಳೆಯ ಕಾಯಿಗಳಲ್ಲಿ ಕಪ್ಪು ಆನೆಯೊಂದು ಎಂದೋ ಕಳೆದುಹೋಗಿದ್ದರಿಂದ ಅದರ ಜಾಗದಲ್ಲಿ ಎಣ್ಣೆ ಶೀಶೆಯ ಮುಚ್ಚಳವನ್ನು ಇಟ್ಟುಕೊಂಡಿದ್ದೆವು. 25ನೆಯ ನಡೆಯಲ್ಲಿ ಆ ಮುಚ್ಚಳವೇ ಬಿಳಿಯ ರಾಜನ ಮುಂದೆ ಬಂದು ಕುಳಿತಾಗ ರೊಟ್ಲೇವಿ ಸೋಲೊಪ್ಪಿಕೊಂಡರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬಲಿದಾನದ ಆಟವಲ್ಲ, 1909ರ ಸೇಂಟ್ ಪೀಟರ್ಸ್‌ಬರ್ಗ್ ಪಂದ್ಯಾವಳಿಯಲ್ಲಿ ಅಂದಿನ ವಿಶ್ವ ಚಾಂಪಿಯನ್ ಇಮಾನುಯೆಲ್ ಲಾಸ್ಕರ್ ಅವರನ್ನು ಸೋಲಿಸಿದ ಆಟ. 18ನೆಯ ನಡೆಯಲ್ಲಿ, ಈ ಸಲ ಬಿಳಿಕಾಯಿಗಳಲ್ಲಿ ಆಡುತ್ತಿದ್ದ ರೂಬಿನ್‌ಸ್ಟೈನ್ ಮಂತ್ರಿಯನ್ನು ಸುಮ್ಮನೆ ತಮ್ಮ ಮೊದಲ ಸಾಲಿನಲ್ಲೇ ಒಂದು ಮನೆ ಪಕ್ಕಕ್ಕೆ ಸರಿಸುತ್ತಾರೆ. ಅಷ್ಟರಿಂದಲೇ ಎದುರಾಳಿಯ ಆನೆಗೂ ರಾಜನ ಮುಂದಿನ ಕಾಲಾಳಿಗೂ ಒಟ್ಟಿಗೆ ಕುತ್ತು ಬರುತ್ತದೆ. ಮಂತ್ರಿಗಳು ಅಳಿದು ಆನೆಗಳಷ್ಟೇ ಉಳಿದ ಮೇಲೆ, 28ನೆಯ ನಡೆಯಲ್ಲಿ ಬಿಳಿಯ ಆನೆ ಆರನೆಯ ಸಾಲಿಗೆ ಹೋಗಿ ನಿಂತು, ಲಾಸ್ಕರ್ ಅವರ ಆನೆಯನ್ನು ಮೂಲೆಯ ಕಾಲಾಳಿನ ಕಾವಲಿಗೆ ಕಟ್ಟಿಹಾಕುತ್ತದೆ. ಅಲ್ಲಿಂದ ಅವಸರವೆಂಬುದಿಲ್ಲ: ರಾಜ ನಡೆದು ಬರುತ್ತಾನೆ, ಕಾಲಾಳುಗಳು ಒಂದೊಂದೇ ಹೆಜ್ಜೆ ಮುಂದಾಗುತ್ತವೆ, ಕೊನೆಗೆ ಮೂಲೆಯ ಬಿಳಿ ಕಾಲಾಳು ಒಂದೇ ಮನೆ ಸರಿದಾಗ ಲಾಸ್ಕರ್‌ಗೆ ಆಡಲು ಒಳ್ಳೆಯ ನಡೆಯೇ ಉಳಿದಿರುವುದಿಲ್ಲ. ದಿನಕ್ಕೆ ಇಪ್ಪತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತಿದ್ದ ಆ ತಿಂಗಳುಗಳಲ್ಲಿ ಈ ಅಂತ್ಯದಾಟವನ್ನು ನಾನು ಎಷ್ಟು ಸಲ ಆಡಿ ನೋಡಿದೆನೋ ಲೆಕ್ಕವಿಲ್ಲ.

ಪಕ್ಕದ ಬೀದಿಯಿಂದ ತಪ್ಪದೆ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಗೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ. ನಾನು ತಪ್ಪಾಗಿ ಇಟ್ಟ ಕಾಯಿಗಳನ್ನು ಅವಳು ತಿದ್ದಿದ್ದು ಒಂದೆರಡು ಸಲವಲ್ಲ. “ಇಷ್ಟು ಚೆನ್ನಾಗಿ ಆಡಿದವರು ಚಾಂಪಿಯನ್ ಯಾಕೆ ಆಗಲಿಲ್ಲ, ತಾತ?” ಎಂದು ಅವಳು ಕೇಳಿದ್ದಕ್ಕೆ ಉತ್ತರ ಹೇಳಲು ಮೂರು ಭಾನುವಾರಗಳೇ ಬೇಕಾದವು. 1909ರ ಆ ಪಂದ್ಯಾವಳಿಯಲ್ಲಿ ಅವರೂ ಲಾಸ್ಕರ್ ಅವರೂ 18 ಆಟಗಳಲ್ಲಿ ತಲಾ 14.5 ಅಂಕ ಗಳಿಸಿ ಮೊದಲ ಸ್ಥಾನ ಹಂಚಿಕೊಂಡರು. 1911ರಲ್ಲಿ ಸಾನ್ ಸೆಬಾಸ್ಟಿಯನ್ ಪಂದ್ಯಾವಳಿ ಗೆದ್ದ, ಮುಂದೆ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕಾ ಅಲ್ಲಿ ಸೋತ ಒಂದೇ ಒಂದು ಆಟ ರೂಬಿನ್‌ಸ್ಟೈನ್ ಅವರ ಎದುರಿನದು. 1912ರಲ್ಲಿ ಒಂದೇ ವರ್ಷ ಐದು ಪಂದ್ಯಾವಳಿಗಳಲ್ಲಿ, ಬ್ರೆಸ್ಲಾವಿನಲ್ಲಿ ಹಂಚಿಕೊಂಡದ್ದೂ ಸೇರಿ, ಮೊದಲ ಸ್ಥಾನ ಅವರದಾಯಿತು. ಲಾಸ್ಕರ್ ಜೊತೆ ವಿಶ್ವ ಪಟ್ಟದ ಪಂದ್ಯದ ಮಾತುಕತೆ ನಡೆದಿದ್ದಾಗಲೇ 1914ರ ಮಹಾಯುದ್ಧ ಬಂದು ಎಲ್ಲವನ್ನೂ ಗುಡಿಸಿಹಾಕಿತು. ಆ ಪಂದ್ಯ ನಡೆದಿದ್ದರೆ ಅವರು ಗೆಲ್ಲುತ್ತಿದ್ದರೆಂದು ನಮ್ಮ ಗುಂಪಿನ ನಿವೃತ್ತ ಗಣಿತದ ಮೇಷ್ಟರ ವಾದ. ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು ಅಂತಿಮ ಸುತ್ತಿನ ಐವರಲ್ಲಿ ಒಬ್ಬರಾಗಲೂ ಸಾಧ್ಯವಾಗದೆ ಹೋದದ್ದನ್ನು ನೆನೆದು ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ಆದರೂ ಮನಸ್ಸಿಟ್ಟು ಜಗಳವಾಡಿದ ಮೇಷ್ಟರಿಗೆ ನನ್ನ ನಮಸ್ಕಾರ.

1930ರ ಹ್ಯಾಂಬರ್ಗ್ ಚೆಸ್ ಒಲಿಂಪಿಯಾಡಿನಲ್ಲಿ, ಅಂದರೆ ದೇಶಗಳ ತಂಡಗಳ ಪಂದ್ಯಾವಳಿಯಲ್ಲಿ, ಪೋಲೆಂಡಿಗೆ ಚಿನ್ನ ಬಂದಾಗ ತಂಡದ ಅಗ್ರ ಆಟಗಾರನ ಜಾಗವಾದ ಮೊದಲ ಹಲಗೆಯಲ್ಲಿ ಕುಳಿತಿದ್ದವರು ರೂಬಿನ್‌ಸ್ಟೈನ್: 17 ಆಟ, 13 ಗೆಲುವು, 4 ಡ್ರಾ, ಸೋಲೇ ಇಲ್ಲ. ಮರುವರ್ಷ ಪ್ರಾಗ್‌ನ ಒಲಿಂಪಿಯಾಡಿನಲ್ಲಿ ಅವರನ್ನು ಸೋಲಿಸಿದವರಲ್ಲಿ, ಇಂಗ್ಲೆಂಡಿನ ಪರವಾಗಿ ಆಡುತ್ತಿದ್ದ, ಅವಿಭಜಿತ ಪಂಜಾಬಿನ ಸುಲ್ತಾನ್ ಖಾನ್ ಒಬ್ಬರೆಂದು ತಿಳಿದ ದಿನ ನಮ್ಮ ಗುಂಪಿಗೆ ಯಾರ ಪಕ್ಷ ವಹಿಸಬೇಕೆಂದೇ ತೋಚಲಿಲ್ಲ.

1932ರ ನಂತರ ಅವರು ಪಂದ್ಯಾವಳಿಗಳಲ್ಲಿ ಆಡಲಿಲ್ಲ. ಜನರ ಎದುರಿಗೆ ಬರುವುದೇ ಭಯವಾಗುವಂತಹ ಮನೋವ್ಯಾಧಿ ಅವರನ್ನು ಕಾಡುತ್ತಿತ್ತು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯು 1950ರಲ್ಲಿ ಮೊದಲ ಬಾರಿಗೆ 27 ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ ಆ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಬೆಲ್ಜಿಯಂನಲ್ಲಿ ನೆಲೆಸಿದ್ದ ಅವರು 1961ರಲ್ಲಿ ತೀರಿಕೊಂಡರು. ಈ ಭಾಗವನ್ನು ಓದಿ ಹೇಳಿದ ದಿನ ಯಾರೂ ಹೆಚ್ಚು ಮಾತಾಡಲಿಲ್ಲ. ಕಾಯಿಲೆಯಲ್ಲಿದ್ದ ನನಗೂ ಬಂದವರ ಮುಖ ನೋಡಲು ಮನಸ್ಸಿಲ್ಲದ ವಾರಗಳಿದ್ದವು; ಅಂಥ ವಾರಗಳಲ್ಲಿ ನನ್ನನ್ನು ಮಾತಿಗೆಳೆಯದೆ, ಹಲಗೆಯನ್ನು ನನ್ನತ್ತ ತಿರುಗಿಸಿಟ್ಟು ತಾವೇ ಆಡಿಕೊಂಡ ಗೆಳೆಯರ ಸೂಕ್ಷ್ಮವನ್ನು ನಾನು ಮರೆಯಲಾರೆ.

ವರ್ಷವಿಡೀ ಹನ್ನೊಂದು ಲೋಟ ಕಾಫಿ ಬೆರೆಸುತ್ತ, ಚದುರಂಗದ ಗಂಧವಿಲ್ಲದಿದ್ದರೂ ಕುದುರೆಗೂ ಒಂಟೆಗೂ ಇರುವ ಅಂತರವನ್ನು ಕೇಳಿ ಕೇಳಿಯೇ ಕಲಿತ ನನ್ನ ಮಡದಿಗೆ ಕೃತಜ್ಞತೆ ಹೇಳಹೊರಟರೆ ಅವಳೇ ನಗುತ್ತಾಳೆ. ಕೊನೆಯ ದಿನ ಮೇಷ್ಟರು ತಮ್ಮೂರಿನ ಬಡಗಿಯಿಂದ ಕಡೆಸಿ ತಂದ ಕಪ್ಪು ಆನೆಯನ್ನು ಹಲಗೆಯ ಮೇಲಿಟ್ಟರು. ಉಳಿದ ಕಾಯಿಗಳಿಗಿಂತ ಅದು ಕೊಂಚ ಎತ್ತರ. ಮುಚ್ಚಳವನ್ನು ತನಗೆ ಕೊಡಬೇಕೆಂದು ಕೇಳಿ, ಆ ಹುಡುಗಿ ಮನೆಗೆ ಒಯ್ದಿದ್ದಾಳೆ.