ಇಪ್ಪತ್ತರವರೆಗೆ ಎಣಿಸಿದರೆ ಮಾತು ಬಂದಂತೆಯೇ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದ ಅಂಗವಿಕಲರ ಪ್ರಮಾಣಪತ್ರ ಶಿಬಿರ ಯಶಸ್ವಿಯಾಯಿತೆಂದೂ ಬಂದವರಿಗೆಲ್ಲ ಸ್ಥಳದಲ್ಲೇ ಪರಿಹಾರ ಸಿಕ್ಕಿತೆಂದೂ ನಿನ್ನೆಯ ಸಂಚಿಕೆಯಲ್ಲಿ ಓದಿ ಮೈಯೆಲ್ಲ ಉರಿಯಿತು. ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗಿದವರಲ್ಲಿ ನಮ್ಮ ಯಜಮಾನರೂ ಒಬ್ಬರು.

ಬಸ್ ಕಂಡಕ್ಟರ್ ಆಗಿದ್ದ ಅವರಿಗೆ ಕಳೆದ ವರ್ಷ ಪಾರ್ಶ್ವವಾಯು ಬಡಿದು, ಬಲಗೈ ಬಲಗಾಲಿನ ಜೊತೆಗೆ ಮಾತೂ ಹೋಯಿತು. ಮಿದುಳಿನ ಎಡಭಾಗದಲ್ಲಿ ಭಾಷೆಯನ್ನು ನಿಭಾಯಿಸುವ ಜಾಗಕ್ಕೆ ಪೆಟ್ಟಾದಾಗ ಬರುವ ಈ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. ಇದು ಬುದ್ಧಿಭ್ರಮಣೆಯೂ ಅಲ್ಲ, ಕಿವುಡೂ ಅಲ್ಲ. ಶಿಬಿರದ ವೈದ್ಯರು ಎಣಿಸಲು ಹೇಳಿದರು, ಇವರು ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಎಣಿಸಿದರು. "ಮಾತು ಬರುತ್ತಲ್ಲಮ್ಮ" ಎಂದು ಅರ್ಜಿಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಎಣಿಕೆ, ವಾರಗಳ ಹೆಸರು, ಭಜನೆ ಇವೆಲ್ಲ ರೂಢಿಯ ಬಲದಿಂದ ತಾವಾಗಿ ಹೊರಬರುತ್ತವೆ, ಆದರೆ ಬಾಯಾರಿದಾಗ 'ನೀರು' ಎಂಬ ಪದ ನಾಲಿಗೆಗೆ ಸಿಗುವುದಿಲ್ಲ ಎಂಬುದನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಮಗೆ ಬಿಡಿಸಿ ಹೇಳಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯದ ಅಡಿ ಅಫೇಸಿಯಾ ಎಂಬ ಹೆಸರೇ ಇದೆ. ಪ್ರಮಾಣಪತ್ರ ಕೊಡಲು ಕುಳಿತವರು ಅದನ್ನು ಓದಿರಬೇಡವೇ?

ಶಿಬಿರವಿದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್‌ಗೆ ಬೀಗ. ನಾನೂ ಆಟೋದವರೂ ಸೇರಿ ಅವರನ್ನು ಮೆಟ್ಟಿಲು ಹತ್ತಿಸಿದೆವು. ಮೇಲೆ ಗುಮಾಸ್ತರು ಕಿವುಡರೊಡನೆ ಮಾತನಾಡುವಂತೆ ಕಿರುಚಿ, ಉತ್ತರಕ್ಕೆ ಅರೆಕ್ಷಣವೂ ಕಾಯದೆ ಮುಂದಿನ ಪ್ರಶ್ನೆ ಹಾಕುತ್ತಿದ್ದರು. ಇವರು ಗಾಬರಿಯಾಗಿ 'ಇಲ್ಲ' ಎನ್ನಬೇಕಾದಲ್ಲಿ 'ಹೌದು' ಎಂದರೆ ಅದನ್ನೇ ಬರೆದುಕೊಂಡರು. ಎಡಗೈಯಲ್ಲಿ ಸಹಿ ಹಾಕಲು ತಿಂಗಳುಗಟ್ಟಲೆ ಕಲಿತ ಮನುಷ್ಯನ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿದ್ದನ್ನು ನಾನು ಮರೆಯಲಾರೆ.

ಈ ಕಚೇರಿಗಳ ರೀತಿಯೇ ಇದು. ಪಡಿತರ ಚೀಟಿಗೆ ಬೆರಳಚ್ಚು ಹೊಂದುತ್ತಿಲ್ಲವೆಂದು ನಮ್ಮತ್ತೆಯವರನ್ನು ಬಿಸಿಲಲ್ಲಿ ನಿಲ್ಲಿಸಿದಾಗಲೂ, ಮಾಸಾಶನ ನಿಂತುಹೋದ ಕಾರಣ ಕೇಳಲು ಹೋದಾಗಲೂ ಸಿಕ್ಕಿದ್ದು 'ನಾಳೆ ಬನ್ನಿ' ಎಂಬ ಮಾತೇ. ತಾಲ್ಲೂಕಿನಲ್ಲಿ ವಾಕ್ ಚಿಕಿತ್ಸಕರಿಲ್ಲ. ದಿನವೂ ಆಗಬೇಕಾದ ಅಭ್ಯಾಸಕ್ಕೆ ಮೈಸೂರಿಗೆ ಎಷ್ಟು ಸಲ ಹೋಗಲಾದೀತು?

ಜಿಲ್ಲಾಧಿಕಾರಿಗಳು ಶಿಬಿರವನ್ನು ಮತ್ತೆ ನಡೆಸಲಿ, ಇಲ್ಲವೇ ಬಲ್ಲವರನ್ನು ಮನೆಗೇ ಕಳುಹಿಸಲಿ. ಒಬ್ಬ ವಾಕ್ ಚಿಕಿತ್ಸಕರನ್ನಾದರೂ ನೇಮಿಸಲಿ. ಎದುರಿಗೆ ಕುಳಿತವರು ಒಂದು ಪದ ಹುಡುಕಿ ಹೇಳುವಷ್ಟು ಹೊತ್ತು ಕಾಯಲಾಗದವರು ಆ ಕುರ್ಚಿಯಲ್ಲಿ ಏಕೆ ಕೂರಬೇಕು?

ನೊಂದ ಓದುಗಿ