ಬಾಣಂತಿ ಮನೆಗೆ ‘ಖಾಲಿ ಮಾಡ್ರಿ’

ಸಂಪಾದಕರೇ,

ಹಳೇ ಹುಬ್ಬಳ್ಳಿಯ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಕೂಸು ಹುಟ್ಟಿ 22 ದಿನ. ತೊಟ್ಟಿಲಿಗೆ ಹಾಕಿದ ವಾರದಲ್ಲೇ ಮಾಲೀಕರು ಬಂದು, ‘ಅರಿವಿ ತೊಳೆಯೋದು ಜಾಸ್ತಿ ಆತು, ನೀರು ಸಾಲಂಗಿಲ್ಲ, ರವಿವಾರದೊಳಗ ಖಾಲಿ ಮಾಡ್ರಿ’ ಅಂದರು. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರು ನಮ್ಮದು. ಅದು ಕೂಸಿನ ತಪ್ಪಾ? ಅಂಗಳದ ಹಗ್ಗದ ಮೇಲೆ ಇನ್ನೂ ಹಸಿ ಕುಂಚಿಗೆ, ಬಾಗಿಲ ಬಳಿ ಆಗಲೇ ಕಟ್ಟಿಟ್ಟ ಪಾತ್ರೆ ಗಂಟು.

ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆ ಮನೆ ಬಿಡಿಸಲು 15 ದಿನದ ಲಿಖಿತ ನೋಟಿಸ್ ಬೇಕು. ಆಮೇಲೂ ಬಿಡದಿದ್ದರೆ ಮಾಲೀಕರು ಕೋರ್ಟಿಗೇ ಹೋಗಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಸಹಾಯವಾಣಿ 15100. ಆ ತಾಯಿಗೆ ಇದು ಗೊತ್ತೇ ಇರಲಿಲ್ಲ. ಅಂಗನವಾಡಿ ಗೋಡೆಗಳ ಮೇಲಾದರೂ ಈ ನಂಬರನ್ನು ದೊಡ್ಡದಾಗಿ ಬರೆಸಲಿ.

– ಓದುಗ, ಹಳೇ ಹುಬ್ಬಳ್ಳಿ